ಪಾಚಿಗಳ ಸಾಮೂಹಿಕ ವಿವಾಹ

ಸೋಮವಾರ ಹತ್ತು ಗಂಟೆಗೆ ನಮ್ಮ ಪ್ರಯೋಗಾಲಯದಲ್ಲಿ ಲಕ್ಷ ಜೋಡಿಗಳ ಸಾಮೂಹಿಕ ವಿವಾಹ ಮಾಡಿಸಿಯೇ ತೀರುತ್ತೇನೆ ಎಂದು ಪ್ರಾಂಶುಪಾಲ ಜಿತೇಂದ್ರ ಸರ್ ಎದುರು ಘೋಷಿಸಿದೆ! ವಧೂವರರು ಹಸಿರು ಪಾಚಿಗಳು. ಒಂದೊಂದೂ ಒಂದೇ ಜೀವಕೋಶ, ಈಜಲು ಕೂದಲಿನಂಥ ಎರಡು ಎಳೆ. ಕಾರ್ಕಳದ ಪುಟ್ಟ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ವಿದ್ಯಾರ್ಥಿಗಳು ಆರೇ ಮಂದಿ. ಮಕ್ಕಳ ಕಣ್ಣಿಗೆ ಕಾಣುವಂಥದ್ದೇನಾದರೂ ತೋರಿಸದಿದ್ದರೆ ಮುಂದಿನ ವರ್ಷ ಆ ವಿಷಯವೂ ಇಲ್ಲ, ನಾನೂ ಇಲ್ಲ ಎಂದು ಸರ್ ಮೆತ್ತಗೆ ಹೇಳಿದ್ದರು.

ಭಾನುವಾರ ಕಾಲೇಜಿಗೆ ಬೀಗ. ಹಾಗಾಗಿ ಶನಿವಾರವೇ ಎರಡು ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಾಪುವಿಗೆ ತಂದೆ. ನಾನು ಬಾಡಿಗೆಗಿರುವ ಮನೆಯ ಪ್ಯಾಟ್ರಿಶಿಯಾ ಆಂಟಿ ಬಿಸಿಲು ಬೀಳುವ ಕಿಟಕಿಯಲ್ಲಿ ಜಾಗ ಮಾಡಿಕೊಟ್ಟರು. ಅವರ ಗಂಡ ಮಸ್ಕತ್‌ನಲ್ಲಿ. ಮನೆಯಲ್ಲಿ ಅವರು, ಇನ್ನೂ ಮದುವೆಯಾಗದ ನಾನು, ಹಿತ್ತಲಲ್ಲಿ ನಲವತ್ತು ಮಲ್ಲಿಗೆ ಗಿಡ. ಮಾತಾಡದ ದಿನಗಳೂ ಇರುತ್ತವೆ.

"ಇದರಲ್ಲಿ ಮದುಮಗ ಯಾರು?" ಎಂದರು ಆಂಟಿ.

"ಯಾರೂ ಅಲ್ಲ ಆಂಟಿ. ಈ ಬಾಟಲಿಯವು ಪ್ಲಸ್, ಆ ಬಾಟಲಿಯವು ಮೈನಸ್. ಗಾತ್ರ ಎರಡಕ್ಕೂ ಒಂದೇ."

ಇವುಗಳ ದೊಡ್ಡ ಬಳಗದಲ್ಲಿ ಮುಂದೆ ಒಂದು ಪಂಗಡ ಬುತ್ತಿ ಕಟ್ಟಿಕೊಂಡು ದೊಡ್ಡ ಅಂಡವಾಗಿ ಕುಳಿತುಬಿಟ್ಟಿತು, ಇನ್ನೊಂದು ಸಣ್ಣದಾಗಿ ಓಡಾಡಿಕೊಂಡೇ ಉಳಿಯಿತು, ಹೆಣ್ಣು ಗಂಡಿನ ಕಥೆ ಶುರುವಾದದ್ದೇ ಹಾಗೆ ಎಂದು ಕೋಟಿ ವರ್ಷಗಳ ವಿಕಾಸವನ್ನು ಎರಡು ನಿಮಿಷದಲ್ಲಿ ವಿವರಿಸಿದೆ. ಆಂಟಿ ಗೋಡೆಯ ಮೇಲಿನ ಮದುವೆ ಫೋಟೋ ನೋಡಿದರು.

"ಓಡಾಡುವವನು ಮಸ್ಕತ್ ಮುಟ್ಟಿದ, ಅಲ್ವಾ?"

ಸೋಮವಾರ ಎರಡೂ ಬಾಟಲಿಯ ನೀರು ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಪ್ಲಸ್ಸು ಮೈನಸ್ಸು ಎಳೆಗೆ ಎಳೆ ಅಂಟಿಸಿಕೊಂಡು ಗುಂಪುಗೂಡಬೇಕಿತ್ತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಬಸ್‌ ನಿಲ್ದಾಣದ ಅಪರಿಚಿತರಂತೆ ಒಂದನ್ನೊಂದು ಸವರಿಕೊಂಡು ಹೋದವೇ ಹೊರತು ಒಂದೂ ನಿಲ್ಲಲಿಲ್ಲ. ಬಿಳಿಚಿಕೊಂಡಿರಬೇಕಾದ ಪಾಚಿ ಕಡುಹಸಿರಾಗಿ ಮಿರುಗುತ್ತಿತ್ತು.

ಜಿತೇಂದ್ರ ಸರ್ ಬಹಳ ಹೊತ್ತು ನೋಡಿ ತಲೆಯೆತ್ತಿದರು. "ಎಲ್ಲರೂ ಒಬ್ಬೊಬ್ಬರೇ ಇರುವುದಲ್ವಾ ಮೇಡಂ?"

ಮಧ್ಯಾಹ್ನದೊಳಗೆ ಮುಂದಿನ ವರ್ಷದ ಪಟ್ಟಿಯಿಂದ ಸಸ್ಯಶಾಸ್ತ್ರ ಹೋಯಿತು. ಅದರ ಹಿಂದೆಯೇ ನಾನೂ.

ಬಾಟಲಿಗೆ ಏನಾದರೂ ಹಾಕಿದಿರಾ ಎಂದು ಸಂಜೆ ಆಂಟಿಯನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಮಲ್ಲಿಗೆಗೆ ಹಾಕುವಾಗ ಅದಕ್ಕೂ ಚಿಟಿಕೆ ಚಿಟಿಕೆ ಯೂರಿಯಾ ಹಾಕಿದೆ ಮಗಾ. ಪಾಪ, ಹಳದಿ ಆಗಿದ್ದವು. ಮದುಮಕ್ಕಳನ್ನು ಉಪವಾಸ ಇಡುವುದುಂಟಾ?"

ಸಿಟ್ಟು ಬಂತು. ಆದರೆ ವಿಕಾಸವನ್ನೆಲ್ಲ ಬೋಧಿಸಿದ ಮಹಾಪಂಡಿತೆ, ಬಾಟಲಿಗೆ ಏನೂ ಹಾಕಬೇಡಿ ಎನ್ನುವ ಒಂದೇ ಮಾತನ್ನು ಹೇಳಿರಲಿಲ್ಲ!

"ಬೇಕೆಂದೇ ಉಪವಾಸ ಕೆಡವಿದ್ದೆ ಆಂಟಿ," ಎಂದೆ. "ಹೊಟ್ಟೆ ತುಂಬಿದ್ದರೆ ಇವಕ್ಕೆ ಯಾರೂ ಬೇಡ, ಒಂಟಿಯಾಗಿಯೇ ಇರುತ್ತವೆ. ಹಸಿದಾಗ ಮಾತ್ರ ಜೊತೆ ಹುಡುಕುವುದು."

ನೀರುದೋಸೆ ಹಾಕುತ್ತಿದ್ದ ಆಂಟಿಯ ಕೈ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಎರಡು ವರ್ಷದಿಂದ ನಿನಗೆ ಹೊಟ್ಟೆ ತುಂಬ ಬಡಿಸಿದೆನಲ್ಲ ಮಾರಾಯ್ತಿ. ಮೊದಲೇ ಹೇಳಬಾರದಿತ್ತಾ?"