ಮಗ್ಗದ ಹಿಡಿಕೆಯ ಗೇರು

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ನೀರೆಂದರೆ. ನನಗೆ ಗೇರ್ ಎಂದರೆ ಭಯ. ಲೈಸೆನ್ಸ್ ಇಲ್ಲವೆಂದಲ್ಲ, ಅದು ಕಪಾಟಿನಲ್ಲಿ ನನ್ನ ಮದುವೆಯ ಸೂಟಿನ ಪಕ್ಕದಲ್ಲೇ ಭದ್ರವಾಗಿದೆ. ಎರಡೂ ಹೆಚ್ಚು ಬಳಕೆಯಾಗಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಹೊಸದರಲ್ಲಿ ಸಮೀರವಾಡಿ ಸಕ್ಕರೆ ಫ್ಯಾಕ್ಟರಿ ರಸ್ತೆಯಲ್ಲಿ ಗೇರ್ ಬದಲಿಸುವಾಗ ಗಾಡಿ ಬಂದ್ ಬಿತ್ತು. ಹಿಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್, ಅದರೊಳಗೆ ಎದೆ ನಡುಗಿಸುವ ಹಾಡು. ಆ ಚಾಲಕ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಪುಣ್ಯಾತ್ಮ ಹಾಡು ನಿಲ್ಲಿಸಿ, ಇಳಿದು ಬಂದು, “ಸಾವಕಾಶ ಮಾಡ್ರಿ ಸರ್, ಫ್ಯಾಕ್ಟರಿ ಏನ್ ಓಡಿ ಹೋಗೂದಿಲ್ಲ” ಎಂದು ಸಮಾಧಾನ ಹೇಳಿದ. ಅಂದಿನಿಂದ ಕಾರು ಹೊದಿಕೆಯೊಳಗೆ ಸೇರಿತು.

ನಮ್ಮಪ್ಪ ಮಾತ್ರ ದಿನಾ ಬೆಳಿಗ್ಗೆ ಹೊದಿಕೆ ಸರಿಸಿ, ಕಾರು ಒರೆಸಿ, ಮುಂದಿನ ಸೀಟಿನಲ್ಲಿ ಕುಳಿತು ಪೇಪರ್ ಓದುತ್ತಿದ್ದ. ಬನಹಟ್ಟಿಯಲ್ಲಿ ಜೀವಮಾನವೆಲ್ಲ ಪವರ್‌ಲೂಮ್ ನಡೆಸಿದವನು. ಅವನ ಮೊಣಕಾಲು ಈಗ ಬಸ್ಸಿನ ಮೆಟ್ಟಿಲಿಗೆ ಒಪ್ಪುವುದಿಲ್ಲ. ಹಿಪ್ಪರಗಿಯಲ್ಲಿರುವ ತನ್ನ ತಂಗಿಗೆ, ಅಂದರೆ ನನ್ನ ಅತ್ತೆಗೆ, ಮಗನ ಕಾರಿನಲ್ಲೇ ಬರುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದ. ಬಾಡಿಗೆ ಗಾಡಿ ಮಾಡೋಣ ಎಂದರೆ ಕೇಳಲಿಲ್ಲ. ಅತ್ತೆ ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದಾಗಲೆಲ್ಲ, “ಅಂವಗ ಸಾಲ್ಯಾಗ ಕೆಲಸ ಭಾಳ ಐತಿ” ಎಂದು ನನ್ನ ಮರ್ಯಾದೆ ಕಾಯುತ್ತಿದ್ದ. ನಾನು ಮಾಸ್ತರ, ಆಗ ಶಾಲೆಗೆ ಬೇಸಿಗೆ ರಜೆ. ಅಪ್ಪ ನನಗಾಗಿ ಸುಳ್ಳು ಹೇಳುವುದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಮೊದಲು ಮನೆಯೊಳಗೇ ಧೈರ್ಯ ಬರಲಿ ಎಂದು ಕಂಪ್ಯೂಟರಿನಲ್ಲಿ ಕಾರ್ ರೇಸಿನ ಆಟ ಹಾಕಿಕೊಂಡೆ. ಆದರೆ ಅದರಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಗುಂಡಿ ಒತ್ತಿದರೆ ಗೇರ್ ಬೀಳುತ್ತದೆ. ನನ್ನ ಭಯವಿದ್ದದ್ದು ಹಿಡಿಕೆಯದು, ಗುಂಡಿಯದಲ್ಲ. ಹಾಗಾಗಿ ಕೆಟ್ಟು ಬಿದ್ದಿದ್ದ ಇನ್ನೊಂದು ಕಂಟ್ರೋಲರ್ ಬಿಚ್ಚಿ, ಅದರ ಎರಡು ಗುಂಡಿ ತೆಗೆದು, ಒಳ್ಳೆಯ ಕಂಟ್ರೋಲರಿಗೆ ವೈರಿನಿಂದ ಬೆಸೆದು, ಒಂದು ಮಣೆಯ ಮೇಲೆ ಎದುರುಬದುರು ಕೂಡಿಸಿದೆ. ನಡುವೆ ನಿಲ್ಲಿಸಲು ಹಿಡಿಕೆ ಬೇಕಲ್ಲ? ಅಪ್ಪ ಅಟ್ಟದಿಂದ ತನ್ನ ಮಗ್ಗದ ಹಿಡಿಕೆ ಇಳಿಸಿ ಕೊಟ್ಟ. ಮಗ್ಗ ಗುಜರಿಗೆ ಹೋದಾಗ ಅದೊಂದನ್ನು ಉಳಿಸಿಕೊಂಡಿದ್ದನಂತೆ. ಬಿಟ್ಟರೆ ತಾನಾಗಿ ನಡುವೆ ಬಂದು ನಿಲ್ಲಲಿ ಎಂದು ಎರಡೂ ಬದಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದೆ. ಎಳೆದರೆ ಒಂದು ಗೇರ್ ಮೇಲೆ, ತಳ್ಳಿದರೆ ಒಂದು ಗೇರ್ ಕೆಳಗೆ. ನನ್ನ ಹೆಂಡತಿ ಸಾವಿತ್ರಿ ತನ್ನ ಮಣೆ ಗುರುತಿಸಿದಳಾದರೂ ಜಗಳ ಮಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಎಲ್ಲರಿಗೂ ಮಣೆ ಹಾಕಿ ನನಗೆ ನೆಲ ತೋರಿಸಿದಳು, ಅಷ್ಟೆ.

ಅಪ್ಪ ಬೆನ್ನ ಹಿಂದೆ ಕುಳಿತು ತರಬೇತಿ ಶುರು ಮಾಡಿದ. ಮಗ್ಗದಲ್ಲಿ ನೂಲು ಹರಿದ ಕೂಡಲೇ ನೇಕಾರ ಹಿಡಿಕೆ ತಟ್ಟುತ್ತಾನೆ, ಮಗ್ಗ ನಿಲ್ಲುತ್ತದೆ, ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತಾನೆ. ಆಟದಲ್ಲಿ ನನ್ನ ಕಾರು ಜಾರಿದಾಗಲೆಲ್ಲ ಅಪ್ಪ, ನೂಲು ಹರಿಯಿತು, ತಟ್ಟು ಎನ್ನುತ್ತಿದ್ದ. ತಟ್ಟಿದರೆ ಗೇರ್ ಇಳಿದು ಕಾರು ಹತೋಟಿಗೆ ಬರುತ್ತಿತ್ತು. ಮಗ್ಗದ ಸದ್ದಿನಲ್ಲೇ ಬೆಳೆದ ಕೈ, ಬೇಗ ಕಲಿಯಿತು. ಆಟದಲ್ಲಿ ನಾನು ಒಂದನೇ ನಂಬರ್ ಬರತೊಡಗಿದೆ.

ಕಬ್ಬಿನ ಹಂಗಾಮಿನ ಒಂದು ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊರಟೇಬಿಟ್ಟೆ. ಒಂದನೇ ಗೇರಿನಿಂದ ಹಿಂದಕ್ಕೆ ಎಳೆದೆ, ಎರಡು ಬಿತ್ತು. ಮೂರಕ್ಕಾಗಿ ಮತ್ತೆ ಎಳೆದೆ. ಹಿಡಿಕೆ ಆಗಲೇ ಹಿಂದಿತ್ತು, ಎಲ್ಲಿಗೆ ಬಂದೀತು? ನಾನು ತಿಂಗಳುಗಟ್ಟಲೆ ಕಲಿತದ್ದು ರೇಸ್ ಕಾರಿನ ಗೇರು. ನಮ್ಮ ಕಾರಿನದು ಎಡ, ನಡು, ಬಲ ಎಂದು ತಿರುಗಾಡುವಂಥದು. ಗೊತ್ತಿರಲಿಲ್ಲವೆಂದಲ್ಲ, ಕೈಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಹಿಂದೆ ಹಾರ್ನ್ ಕೇಳಿದಾಗಲೆಲ್ಲ ಕೈ ನೂಲು ಹರಿದಂತೆ ಹಿಡಿಕೆ ತಟ್ಟಿಬಿಡುತ್ತಿತ್ತು. ಗೇರ್ ತಪ್ಪಿ ನ್ಯೂಟ್ರಲ್ಲಿಗೆ ಬಂದು, ಎಂಜಿನ್ ಕೂಗಾಡಿ, ಕಾರು ಬದಿಗೆ ಹೋಗಿ ನಿಲ್ಲುತ್ತಿತ್ತು. ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಅಪ್ಪನಿಗೆ ಮಾತ್ರ ಗಾಬರಿಯೇ ಇಲ್ಲ. “ಹರಿದ್ರ ಹರೀತು. ಗಂಟ ಹಾಕಿ ಮತ್ತ ಚಾಲೂ ಮಾಡು” ಎನ್ನುತ್ತಿದ್ದ.

ಹೀಗೆ ಎರಡನೇ ಗೇರಿನಲ್ಲೇ ಹಿಪ್ಪರಗಿ ಮುಟ್ಟಿದೆವು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಇಷ್ಟೊತ್ತು ಯಾಕಾಯಿತು ಎಂದು ಕೇಳಿದ್ದಕ್ಕೆ ಅಪ್ಪ, “ಹೊಟ್ಟ್ಯಾಗಿನ ನೀರ ಅಳ್ಳಾಡಲಿಲ್ಲ ನೋಡ ತಂಗಿ, ಹಂಗ ತಂದಾನ” ಎಂದ. ನಾನು ಚಹಾ ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಆಮೇಲೆ ನಾನು ಒಬ್ಬನೇ ಹೋಗಿ ಮೂರನೇ ಗೇರ್ ಹಾಕುವುದನ್ನೂ ಕಲಿತೆ. ಆದರೆ ಅಪ್ಪ ಪಕ್ಕದಲ್ಲಿದ್ದಾಗ ಹಾಕಿದರೆ, ಏನು ಗಡಿಬಿಡಿ, ಹೊಲದ ಕಬ್ಬು ಸರಿಯಾಗಿ ಕಾಣುತ್ತಿಲ್ಲ ಎಂದು ತಕರಾರು ತೆಗೆಯುತ್ತಾನೆ. ಎರಡಕ್ಕೇ ಇಳಿಸುತ್ತೇನೆ. ಮೊನ್ನೆ ಹಿಪ್ಪರಗಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ನಮ್ಮ ಪಕ್ಕಕ್ಕೆ ಬಂತು. ಚಾಲಕ ಹಾಡಿನ ಸದ್ದು ಇಳಿಸಿ, ಗಾಡಿ ಕೆಟ್ಟಿದೆಯೇನು ಎಂದು ಬಹಳ ಕಾಳಜಿಯಿಂದ ಕೇಳಿದ. ಕಂಪ್ಯೂಟರಿನಲ್ಲಿ ನನ್ನದು ಒಂದನೇ ನಂಬರ್ ಎಂದು ಅವನಿಗೆ ಹೇಗೆ ತಿಳಿಸಲಿ ಎಂದು ಯೋಚಿಸುವಷ್ಟರಲ್ಲಿ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ತುಂಬಿದ ಅಭಿಮಾನದಿಂದ ಹೇಳಿದ:

“ಗಾಡಿಗೇನೂ ಆಗಿಲ್ಲಪಾ. ನನ್ನ ಮಗ ಹೊಡ್ಯಾಕತ್ತಾನ.”