ಹಗಲಿನ ಹೆಡ್‌ಲೈಟು

ಕರೀಮ್ ಮಾಮಾನ ಕಣ್ಣು ಮಂಜಾಗಿದ್ದರಿಂದಲೇ ಅವರ ಲಾರಿ ಎತ್ತಿನ ಗಾಡಿಗೆ ಬಡಿಯಿತೆಂದು ನಮ್ಮೂರು ವಾಡಿಯಲ್ಲಿ ಇಂದಿಗೂ ಹೇಳುತ್ತಾರೆ. ಚಹಾದಂಗಡಿಯಲ್ಲಿ ಹೇಳುತ್ತಾರೆ, ಕ್ಷೌರದಂಗಡಿಯಲ್ಲಿ ಹೇಳುತ್ತಾರೆ, ಲಾರಿಯ ಮಾಲಕರಂತೂ ಆಣೆ ಮಾಡಿ ಹೇಳುತ್ತಾರೆ. ಯಾರು ಏನು ಹೇಳಿದರೂ ಆಧಾರವೇನು ಎಂದು ಕೇಳುವುದು ನನ್ನ ಚಟ. ಸಾರಿಗೆ ಉಪ್ಪು ಕಡಿಮೆಯೆಂದು ಮನೆಯಲ್ಲಿ ಯಾರಾದರೂ ಅಂದರೆ, ಎರಡೂ ಪಕ್ಷದ ವಾದ ಮಂಡಿಸದೆ ನಾನು ತುತ್ತು ಎತ್ತುವವನಲ್ಲ. ಈ ಒಂದು ಮಾತಿಗೆ ಮಾತ್ರ ಆಧಾರ ಕೇಳದೆ ಎದ್ದು ಬರುತ್ತೇನೆ. ಆಧಾರ ನನ್ನ ಹತ್ತಿರವೇ ಇದೆ.

ಮಾಮಾ ನಮ್ಮ ಪಕ್ಕದ ಮನೆಯವರು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿಯ ಡ್ರೈವರು. ಆ ದಿನ ಶಹಾಬಾದಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅವರ ಲಾರಿಯಲ್ಲಿ ವಾಡಿಗೆ ಹೊರಟಿದ್ದೆ. ಗಣಿಗಳ ನಡುವಿನ ಆ ರಸ್ತೆಯಲ್ಲಿ ಮುಂದೊಂದು ಲಾರಿ ಹೋದರೆ ಸಾಕು, ಬಿಳಿ ಧೂಳು ಪರದೆಯಂತೆ ನಿಲ್ಲುತ್ತದೆ. ಅಲ್ಲಿ ಮಾಮಾ ನಡುಮಧ್ಯಾಹ್ನವೂ ಹೆಡ್‌ಲೈಟು ಹಾಕುತ್ತಿದ್ದರು. ಎದುರಿಗೆ ಬಂದ ಸೈಕಲ್ಲಿನವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ಬೈಯುತ್ತ ಹೋದ. ನನಗೆ ಅಷ್ಟು ಸಾಕಾಯಿತು.

"ಮಾಮಾ, ಮ್ಯಾಲ ಸೂರ್ಯ ಇರೂದು ಗೊತ್ತದ ಇಲ್ಲರಿ?"

"ಗೊತ್ತದ ವಕೀಲಸಾಬ. ಲೈಟು ನನಗ ಕಾಣ್ಲಿಕ್ಕಲ್ಲ, ನಾ ಮಂದಿಗಿ ಕಾಣ್ಲಿಕ್ಕ."

"ಆ ಮಂದಿ ಕಣ್ಣೇ ಕುಕ್ಕಿದ್ರ ಅವರಿಗೇನ್ ಕಾಣ್ತದ್ರಿ? ನಿಮ್ಮ ಬಚಾವಿಗಿ ಅವರನ್ನ ಕುರುಡ ಮಾಡೂದು ಯಾವ ನ್ಯಾಯ?"

ಕಪ್ಪು ಗೆದ್ದ ಬಿಸಿ ಇನ್ನೂ ಆರಿರಲಿಲ್ಲ. 'ಮೊದಲನೆಯದಾಗಿ' ಎಂದು ಶುರು ಮಾಡಿದವನು ಬ್ಯಾಟರಿ, ಸ್ವಾರ್ಥ, ಪೌರಧರ್ಮ ಎಲ್ಲ ದಾಟಿ 'ಏಳನೆಯದಾಗಿ' ಎನ್ನುವಷ್ಟರಲ್ಲಿ ಮಾಮಾ, "ಆತು ತಗೋರಿ, ನೀವೇ ಗೆದ್ರಿ" ಎಂದು ಲೈಟು ಆರಿಸಿದರು. ಒಂದೇ ದಿನ ಎರಡು ಗೆಲುವು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬರಬೇಕಾದ ಜಾಗವನ್ನೇ ಸವರಿಕೊಂಡೆ.

ಅಷ್ಟರಲ್ಲಿ ಧೂಳಿನ ಮರೆಯಲ್ಲಿ ಗಣಿಯ ದಾರಿಯಿಂದ ಎತ್ತಿನ ಗಾಡಿಯೊಂದು ರಸ್ತೆಗೆ ಏರಿತು. ಮಾಮಾ ಬ್ರೇಕು ಒತ್ತಿ ಹೊರಳಿಸಿದರೂ ಗಾಡಿಯ ಗಾಲಿ ಮುರಿಯಿತು, ಲಾರಿ ತಗ್ಗಿಗಿಳಿಯಿತು. ಪುಣ್ಯಕ್ಕೆ ಎತ್ತುಗಳಿಗೆ ಪೆಟ್ಟಾಗಲಿಲ್ಲ. ನನ್ನ ಕಪ್ಪಿಗೆ ಒಂದು ಗೀರೂ ಬೀಳಲಿಲ್ಲ. ಗಾಡಿಯವನು ಧೂಳು ಕೊಡವಿಕೊಂಡು ಎದ್ದು, "ದಿನಾ ಲೈಟ್ ಹಚ್ಕೊಂಡು ಬರ್ತಿದ್ರಿ, ನೋಡಿ ನಿಲ್ತಿದ್ದೆ. ಇವತ್ತ್ಯಾಕ ಹಚ್ಚಿಲ್ಲ ಸಾಬ?" ಎಂದ. ಮಾಮಾ ಎತ್ತುಗಳ ನೊಗ ಬಿಚ್ಚತೊಡಗಿದರು. ಹೊಸ ಗಾಲಿ ಸಿಕ್ಕ ಮೇಲೆ ಗಾಡಿಯವನು ಆ ಮಾತು ಮತ್ತೆ ಎತ್ತಲಿಲ್ಲ.

ಮಾಲಕರು ಬಂದು, "ಅಷ್ಟ್ ದೊಡ್ಡ ಗಾಡಿ ಕಾಣ್ಲಿಲ್ಲೇನು?" ಎಂದು ಗದರಿದಾಗ ಮಾಮಾ ನನ್ನ ಕಡೆ ಒಮ್ಮೆ ನೋಡಿ, "ಇಲ್ಲ ಸಾವ್ಕಾರ್ರೇ, ಕಣ್ಣು ಮೊದಲಿನಂಗ ಇಲ್ಲ" ಎಂದರು. ಏಳು ಅಂಶ ಮಂಡಿಸಿದ ಬಾಯಿಗೆ ಎಂಟನೆಯದು ಹೊಳೆಯಲಿಲ್ಲ. ಮಾಲಕರು ಅಲ್ಲೇ ಲಾರಿಯ ಕೀಲಿ ಇಸಿದುಕೊಂಡರು.

ಈಗ ಮಾಮಾ ಗಣಿಯ ಬಾಗಿಲಲ್ಲಿ ನಿಂತು, ಹಿಂದೆ ಸರಿಯುವ ಲಾರಿಗಳಿಗೆ ಕೈಬೀಸಿ ದಾರಿ ತೋರಿಸುತ್ತಾರೆ. ಕಣ್ಣು ಮಂಜಾದವರಿಗೆ ಕೊಟ್ಟ ಕೆಲಸ ನೋಡಿ. ಬೇಕಾದರೆ ಇದನ್ನೇ ಹಿಡಿದು ಮಾಲಕರ ಮುಂದೆ ಒಂದು ಗಂಟೆ ವಾದಿಸಬಲ್ಲೆ. ಆದರೆ ಅದಕ್ಕೆ ಮೊದಲು ನಿಜ ಹೇಳಬೇಕಾಗುತ್ತದೆ. ಕಳೆದ ವಾರ ಧೈರ್ಯ ಮಾಡಿ ಗಣಿಯವರೆಗೆ ಹೋದೆ. ಮಾಮಾ ನಗುತ್ತ, "ಬರ್ರಿ ವಕೀಲಸಾಬ, ಕುಂದ್ರಿ" ಎಂದು ತಮ್ಮ ಕಲ್ಲಿನ ಮೇಲೆ ಜಾಗ ಬಿಟ್ಟರು. ನಾನು ಕೂರದೆ ನಿಂತೇ ಕೇಳಿದೆ:

"ಮಾಮಾ, ಅವತ್ತ ನನ್ನ ಮಾತು ಖರೇ ಅನ್ನಿಸಿ ಲೈಟ್ ಆರಿಸಿದ್ರ್ಯೋ, ಇಲ್ಲಾ ನನ್ನ ಬಾಯಿ ಬಂದ್ ಆಗ್ಲಿ ಅಂತ ಆರಿಸಿದ್ರ್ಯೋ?"