ನಾಲಿಗೆಯ ಫೋಟೋ

ಮನುಷ್ಯನಿಗೆ ತನ್ನ ನಾಲಿಗೆಯ ಬುಡ ಕಾಣುವುದಿಲ್ಲ. ಕನ್ನಡಿಯ ಮುಂದೆ ಎಷ್ಟು ಬಾಯಿ ತೆರೆದರೂ ಪಡಸಾಲೆ ಕಂಡೀತೇ ಹೊರತು ಅಡುಗೆಮನೆ ಕಾಣದು. ಆದವಾನಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಆ ಅಂಗದಿಂದಲೇ ಹೊಟ್ಟೆ ಹೊರೆದ ನಾನು ಒಂದು ದಿನವೂ ಅದರ ಕ್ಷೇಮಸಮಾಚಾರ ಕೇಳಿದವನಲ್ಲ. ಅದು ಸೇಡು ತೀರಿಸಿಕೊಂಡದ್ದು ಒಂದು ಸೋಮವಾರ. ಹಾಜರಿ ಕೂಗಲು ಬಾಯಿ ತೆರೆದರೆ ಬರಿಯ ಗಾಳಿ ಬಂತು, ದನಿ ಬರಲಿಲ್ಲ. ನೆನಪು ಮಾಡಿಕೊಂಡೆ: ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಯಾರೊಡನೆಯೂ ಒಂದು ಮಾತು ಆಡಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ. ಮನೆಯಲ್ಲಿ ಮಾತಿಗೆ ಮತ್ತಾರೂ ಇಲ್ಲ. ಮೂರು ಸೋಮವಾರ ಹೀಗೇ ಆದಾಗ ಹೆಡ್‌ಮೇಷ್ಟ್ರು, "ದನಿ ತಗೊಂಡು ಬರ್ರಿ, ಇಲ್ಲಾಂದ್ರ ರಾಜೀನಾಮೆ ತಗೊಂಡು ಬರ್ರಿ" ಎಂದು ಅಪ್ಪಣೆ ಕೊಡಿಸಿದರು.

ಇದರ ಜೊತೆಗೆ ಕೆಮ್ಮು. ತಪ್ಪೊಪ್ಪಿಕೊಳ್ಳುತ್ತೇನೆ, ಅದು ರೋಗವಲ್ಲ. ನಮ್ಮ ಕಡೆ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಹೊಸ್ತಿಲಲ್ಲಿ ಒಮ್ಮೆ ಕೆಮ್ಮಿದರೆ ನೀರಿನ ತಂಬಿಗೆ ಬರುತ್ತಿತ್ತು, ಎರಡು ಸಲ ಕೆಮ್ಮಿದರೆ ಊಟದ ತಟ್ಟೆ. ಇಪ್ಪತ್ತೆರಡು ವರ್ಷದ ಸಂಸಾರವನ್ನು ಕೆಮ್ಮಿಯೇ ನಡೆಸಿದೆ. ಈಗಲೂ ಅಭ್ಯಾಸಬಲದಿಂದ ಕೆಮ್ಮುತ್ತೇನೆ. ತಂಬಿಗೆ ಬರುವುದಿಲ್ಲ. ಪಕ್ಕದ ಮನೆಯ ಬಸಕ್ಕ ಮಾತ್ರ ಅದನ್ನು ಕೇಳಿಸಿಕೊಂಡು, ಡಾಕ್ಟರ ಹತ್ತಿರ ನನಗಿಂತ ಮೊದಲೇ ತಾನು ಹೋಗಿ, "ಮೇಷ್ಟ್ರ ಗಂಟ್ಲಾಗ ಏನೋ ಬೆಳದೈತ್ರಿ, ಬಿಟ್ಟೂಬಿಡದೆ ಕೆಮ್ತಾರ" ಎಂದು ವರದಿ ಒಪ್ಪಿಸಿದ್ದಳು. ಡಾಕ್ಟರು ನಾಲಿಗೆ, ಗಂಟಲು ಎರಡಕ್ಕೂ ಎಕ್ಸ್‌ರೇ ಬರೆದರು.

ಎಕ್ಸ್‌ರೇ ಕೋಣೆಯ ಅಧಿಪತಿ ಕಾಂಪೌಂಡರ್ ಮಾಬುಸಾಬ. ಮೊದಲು ನನ್ನ ನಾಲಿಗೆಯ ನಡುವೆ ಉದ್ದಕ್ಕೂ ಸುಣ್ಣದಂಥ ಬಿಳಿಯ ಮುದ್ದೆ ಬಳಿದ; ಹಾಗಾದರೇ ನಾಲಿಗೆಯ ಗೆರೆ ಚಿತ್ರದಲ್ಲಿ ಮೂಡುವುದಂತೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆಸಿದವನಿಗೆ ನಾಲಿಗೆಗೂ ಆ ಯೋಗ ಉಂಟೆಂದು ತಿಳಿದಿರಲಿಲ್ಲ. ಆಮೇಲೆ ತಲೆಯನ್ನು ಹಲಗೆಗೆ ಒತ್ತಿ ಹಿಡಿದು, "ಆ ಅಂತ ಎಳೀರಿ, ಅಳ್ಳಾಡಬ್ಯಾಡ್ರಿ" ಎಂದ. ಎಳೆದೆ. ದನಿ ಒಡೆಯಿತು, ನಾಲಿಗೆ ನಡುಗಿತು. ಎರಡು ಪ್ಲೇಟು ಹಾಳಾದವು.

"ಅರೇ ಮೇಷ್ಟ್ರೇ, ಪಾಠ ಒಪ್ಪಿಸ್ದಂಗ ಒಪ್ಪಿಸ್ತೀರಲ್ರಿ! ಯಾರನ್ನರ ಕರದಂಗ ಮಾಡ್ರಿ. ಮನಿಯಾಗ ಅಕ್ಕಾರನ್ನ ಕರೀತೀರಲ್ಲ, ಹಂಗ."

ನನ್ನ ಹೆಂಡತಿ ಇಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಹೇಳೋಣವೆಂದರೆ ಬಾಯಿ ತುಂಬ ಸುಣ್ಣ. ಕೆಮ್ಮೋಣವೆಂದರೆ ಮೂರನೆಯ ಪ್ಲೇಟೂ ಹೋಗುತ್ತದೆ. ದೀಪ ಆರಿಸಿದ ಆ ಕೋಣೆಯಲ್ಲಿ ಗೋಡೆಗಳಾದರೂ ಮುಖ ತಿರುಗಿಸಿಕೊಂಡಾವೇನೋ ಎಂದು ಒಂದು ಗಳಿಗೆ ಕಾದೆ. ಆಮೇಲೆ ಕರೆದೆ.

"ರಂಗಮ್ಮಾ..."

ದನಿ ಎಲ್ಲಿತ್ತೋ, ಬಂತು. ಯಂತ್ರ ಗುಂಯ್‌ಗುಟ್ಟಿ ನಿಂತ ಮೇಲೂ ನಾನು ಎಳೆಯುತ್ತಲೇ ಇದ್ದೆನಂತೆ.

ಡಾಕ್ಟರು ಒದ್ದೆ ಪ್ಲೇಟನ್ನು ಕಿಟಕಿಗೆ ಹಿಡಿದರು. ದವಡೆ, ಹಲ್ಲು, ಅವುಗಳ ನಡುವೆ ತಗ್ಗಿ ಮಲಗಿದ ಒಂದು ಬಿಳಿಯ ಗೆರೆ. ಆಕೆಯ ಹೆಸರು ನನ್ನ ಬಾಯಲ್ಲಿ ಹೀಗೆ ಕೂರುತ್ತದೆಂದು ನನಗೆ ತಿಳಿದದ್ದೇ ಆಗ. "ಏನೂ ಬೆಳದಿಲ್ರಿ. ನಾಲಿಗಿ, ಗಂಟ್ಲು ಎರಡೂ ಚಲೋ ಅದಾವ. ಜರಾ ಉಪಯೋಗ ಮಾಡ್ರಿ" ಎಂದರು.

ಮಾಬುಸಾಬ ಬಾಗಿಲವರೆಗೂ ಬಂದ. "ಎಷ್ಟ್ ಚಲೋ ಕರದ್ರಿ ಮೇಷ್ಟ್ರೇ! ದಿನಾ ಹಿಂಗಾ ಕರೀತೀರೇನ್ರಿ ಅಕ್ಕಾರನ್ನ?"

"ಹೌದಪ್ಪ, ದಿನಾ" ಎಂದೆ.

ಮೂರು ಸೋಮವಾರ ಹಾಜರಿ ಕೂಗಲಾರದೆ ಹೋದ ಗಂಟಲಿನಿಂದ ಈ ಸುಳ್ಳು ಮಾತ್ರ ಎಲ್ಲಿಯೂ ಒಡೆಯದೆ, ಸ್ವಚ್ಛವಾಗಿ ಹೊರಬಂತು.